ವಾರದ ಕೂಲಿಯಿಂದ ಅರ್ಧ ಪಾಲಿಗೆ: ರಿಪೇರಿ ಅಂಗಡಿಯ ಇಬ್ತಿಸಾಮ್

ದರ್ಬ್ ಗಲ್ಲಫ್ ಸಂತೆಯಲ್ಲಿ ಇನ್ನೂ ಮುಕ್ಕಾಲು ಅಂಗಡಿಗಳ ತಗಡಿನ ಬಾಗಿಲು ಮೇಲೆದ್ದಿಲ್ಲ. ಕಾಸಾಬ್ಲಾಂಕಾದ ಕಡಲಿನಿಂದ ಬಂದ ಮಂಜು ಓಣಿಯ ಬಾಯಲ್ಲಿ ನಿಂತುಕೊಂಡಿದೆ. ಇಬ್ತಿಸಾಮ್ ಅಂಗಡಿಯ ಮುಂದೆ ರಟ್ಟು ಹಾಸಿ ಚಕ್ಕಳಮಕ್ಕಳ ಕೂತಿದ್ದಾಳೆ. ಎದುರಿಗೆ ಹಳೆಯ ಲ್ಯಾಪ್‌ಟಾಪ್‌ಗಳ ರಾಶಿ. ಯುರೋಪಿನ ಯಾವ್ಯಾವುದೋ ಕಚೇರಿಗಳು ಬೇಡವೆಂದು ಎಸೆದ ಸರಕು ಲಾರಿಯಲ್ಲಿ ಬಂದು ಈಗಷ್ಟೇ ಇಳಿದಿದೆ. ಒಂದೊಂದನ್ನೇ ಎತ್ತಿಕೊಂಡು ಚಾರ್ಜರ್ ಸಿಕ್ಕಿಸುತ್ತಾಳೆ, ಗುಂಡಿ ಒತ್ತುತ್ತಾಳೆ, ಕಿವಿಯ ಹತ್ತಿರ ಹಿಡಿಯುತ್ತಾಳೆ.

"ಫ್ಯಾನ್ ತಿರುಗಿದ್ರೆ ಇನ್ನೂ ಜೀವ ಇದೆ ಅಂತ. ಈ ಕಡೆ ಇಡ್ತೀನಿ. ತಿರುಗದೇ ಇದ್ದದ್ದು ಬಿಡಿಭಾಗಕ್ಕೆ. ಅದೂ ಸುಮ್ನೆ ಹೋಗಲ್ಲ, ಇನ್ಯಾವುದೋ ನಾಲ್ಕು ಮಷೀನಿಗೆ ಜೀವ ಕೊಟ್ಟೇ ಹೋಗತ್ತೆ" ಎನ್ನುತ್ತಾಳೆ.

ಇಪ್ಪತ್ನಾಲ್ಕರ ಈ ಹುಡುಗಿ ಹಾಯ್ ಮೊಹಮ್ಮದಿ ಬಡಾವಣೆಯಿಂದ ಮೊದಲ ಟ್ರಾಮ್ ಹಿಡಿದು ಬರುತ್ತಾಳೆ. ಅಮ್ಮ ಮೀನಾ ಅದಕ್ಕೂ ಮುಂಚೆ ಎದ್ದು ಅಪಾರ್ಟ್‌ಮೆಂಟ್‌ಗಳ ಮೆಟ್ಟಿಲು ತೊಳೆಯಲು ಹೋಗುತ್ತಾರೆ. ತಂದೆ ಇಲ್ಲ. ಸರ್ಕಾರಿ ತರಬೇತಿ ಕೇಂದ್ರದಲ್ಲಿ ಎರಡು ವರ್ಷ ಕಂಪ್ಯೂಟರ್ ರಿಪೇರಿ ಕಲಿತು ಸರ್ಟಿಫಿಕೇಟ್ ಪಡೆದ ಇಬ್ತಿಸಾಮ್ ಮೊದಲು ಹೋದದ್ದು ಕಂಪನಿಗಳಿಗೆ. ಜೊತೆಗೆ ಕಲಿತ ಗೆಳತಿಯೊಬ್ಬಳಿಗೆ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೆ ನಾಲ್ಕು ಸಾವಿರ ದಿರ್ಹಮ್, ಹುಷಾರಿಲ್ಲದಿದ್ದರೂ ಸಂಬಳ, ವಿಮೆ ಬೇರೆ. ಇಬ್ತಿಸಾಮ್ ಸಂದರ್ಶನದಲ್ಲೇ ಸೋತಳು.

"ಎಲ್ಲಾ ಫ್ರೆಂಚಲ್ಲೇ ಕೇಳಿದ್ರು, ಕಂಪನಿಗಳಲ್ಲಿ ಅದೇ ಭಾಷೆ. ನಂಗೆ ಉತ್ತರ ಗೊತ್ತಿತ್ತು, ಬಾಯಿಗೆ ಬರ್ಲಿಲ್ಲ. ಕೊನೆಗೆ 'ಅನುಭವ ಇದೆಯಾ' ಅಂದ್ರು. ನೀವು ಕೆಲಸ ಕೊಟ್ರೆ ತಾನೆ ಅನುಭವ ಅಂದೆ. ಅದನ್ನ ಮಾತ್ರ ಚೆನ್ನಾಗಿ ಹೇಳ್ದೆ, ಅರಬ್ಬಿಯಲ್ಲಿ!"

ಹಾಗೆ ಬಂದು ಸೇರಿದ್ದು ಬೂಶಾಯಿಬ್ ಅವರ ಅಂಗಡಿಗೆ. ನನ್ನ ಲ್ಯಾಪ್‌ಟಾಪ್ ಎರಡು ಸಲ ಸತ್ತು ಬದುಕಿದ್ದೂ ಇಲ್ಲೇ. ಕೆಲಸ ಕಲಿಸುವ ಯಜಮಾನನನ್ನು ಇಲ್ಲಿ ಎಲ್ಲರೂ ಕರೆಯುವಂತೆ ಅವಳೂ 'ಮಾಲ್ಲೆಮ್' ಎಂದೇ ಕರೆಯುತ್ತಾಳೆ. ಹೊಸಬರಿಗೆ ವಾರಕ್ಕೆ ಐನೂರು ದಿರ್ಹಮ್. ಸಂಜೆಯೊಳಗೆ ಗಿರಾಕಿಯ ಕೈಗೆ ಹೋದ ಪ್ರತಿ ಮಷೀನಿಗೆ ಮೇಲೆ ಹತ್ತು. ಅಮ್ಮನ ದುಡಿಮೆಯೂ ಸೇರಿದರೆ ಮನೆ ಬಾಡಿಗೆ, ಅಡುಗೆ ಗ್ಯಾಸು, ಟ್ರಾಮಿನ ಪಾಸು ಹೇಗೋ ಸಾಗುತ್ತಿತ್ತು. ಹಲ್ಲುನೋವು ಬಂದರೆ ಮಾತ್ರ ತಿಂಗಳು ಬುಡಮೇಲು.

ಸರ್ಟಿಫಿಕೇಟ್ ನೋಡಿ ಕೂಲಿ ಹೆಚ್ಚಿಸುವುದಿಲ್ಲವೇ ಎಂದು ಬೂಶಾಯಿಬ್ ಅವರನ್ನೇ ಕೇಳುತ್ತೇನೆ. ಅವರು ಕನ್ನಡಕವನ್ನು ಹಣೆಗೇರಿಸಿ ನಗುತ್ತಾರೆ. "ಕಂಪನಿಯವ್ರು ಕಾಗದ ನೋಡ್ತಾರೆ ಸ್ವಾಮಿ, ನಾನು ಕೈ ನೋಡ್ತೀನಿ. ಸ್ಕ್ರೀನ್ ಬದಲಾಯ್ಸೋದು, ಕೀಬೋರ್ಡ್ ಬದಲಾಯ್ಸೋದು ಈ ಓಣೀಲಿ ಯಾರ್ ಬೇಕಾದ್ರೂ ಮಾಡ್ತಾರೆ. ಮದರ್‌ಬೋರ್ಡ್ ಮೇಲೆ ಅಕ್ಕಿಕಾಳಿಗಿಂತ ಸಣ್ಣದನ್ನ ಎತ್ತಿ, ಇನ್ನೊಂದನ್ನ ಅಲ್ಲೇ ಬೆಸುಗೆ ಹಾಕಿ ಕೂರಿಸೋ ಕೈ ಬೇಕು. ಅಂಥವ್ನಿಗೆ ಅರ್ಧ ಪಾಲು ಕೊಟ್ಟು ಕೂರಿಸ್ಕೋತೀವಿ. ಇಲ್ಲಾಂದ್ರೆ ಪಕ್ಕದ ಅಂಗಡಿಯವ್ನು ಹೊತ್ಕೊಂಡ್ ಹೋಗ್ತಾನೆ."

ಕೂಲಿಯ ಚೌಕಾಸಿಯಲ್ಲಿ ಸ್ವಂತ ಉಪಕರಣ ಇದ್ದವರ ಮಾತು ತುಸು ನಡೆಯುತ್ತದೆ. ಶಾಲೆ ಶುರುವಾಗುವ ಸೆಪ್ಟೆಂಬರ್‌ನಲ್ಲಿ ಎಲ್ಲರ ಕೈಯಲ್ಲೂ ಕಾಸು, ಆಗಸ್ಟಿನಲ್ಲಿ ನೊಣ ಹೊಡೆಯುವುದೇ ಕೆಲಸ. ಇಬ್ತಿಸಾಮ್‌ಗೆ ಇನ್ನೊಂದು ತೊಡಕೂ ಇತ್ತು. ಗಿರಾಕಿಗಳು ಅವಳ ತಲೆಯ ಮೇಲಿಂದ ಒಳಗೆ ಇಣುಕಿ, "ಮಾಲ್ಲೆಮ್ ಇಲ್ವೇನಮ್ಮ?" ಎನ್ನುತ್ತಿದ್ದರು. ಅವಳ ಕೈಗೆ ಮಷೀನು ಕೊಡುವವರೇ ಕಡಿಮೆ. ಮಷೀನು ಬರದಿದ್ದರೆ ಮೇಲಿನ ಹತ್ತು ದಿರ್ಹಮ್ಮೂ ಇಲ್ಲ.

ಆ ಹತ್ತು ದಿರ್ಹಮ್‌ನ ಅವಸರವೇ ಕಳೆದ ಸೆಪ್ಟೆಂಬರ್‌ನಲ್ಲಿ ಅವಳನ್ನು ಮುಳುಗಿಸುವುದರಲ್ಲಿತ್ತು.

ಅಂದು ಬೆಂಚಿನ ಮೇಲೆ ಐದಾರು ಮಷೀನುಗಳು. ಎಲ್ಲವೂ ಒಂದೇ ಕಂಪನಿಯ, ಒಂದೇ ಬೂದು ಬಣ್ಣದವು. ಒರೆಸುವಾಗ ಅಂಟಿಸಿದ್ದ ಹೆಸರಿನ ಚೀಟಿಗಳನ್ನು ಕಿತ್ತಿಟ್ಟಿದ್ದಳು. ಅಷ್ಟರಲ್ಲಿ ಅಝಮ್ಮೂರಿನಿಂದ ಬಂದಿದ್ದ ಕಸೂತಿ ಕೆಲಸದ ತೂರಿಯಾ ರೈಲಿಗೆ ಹೊತ್ತಾಯಿತೆಂದು ಅವಸರ ಮಾಡಿದಳು. ಇಬ್ತಿಸಾಮ್ ಒಂದನ್ನು ಹೊತ್ತಿಸಿ ತೋರಿಸಿದಳು. ಪರದೆ ಬೆಳಗಿತು. ಪೂರ್ತಿ ಶುರುವಾಗುವವರೆಗೂ ಕಾಯದೆ ತೂರಿಯಾ ಅದನ್ನು ಚೀಲಕ್ಕೆ ಹಾಕಿಕೊಂಡು ಓಡಿದಳು.

ರಿಪೇರಿಗೆ ಕೊಟ್ಟಿದ್ದ ಲ್ಯಾಪ್‌ಟಾಪ್ ಒಯ್ಯಲು ಮಾರನೆಯ ಬೆಳಿಗ್ಗೆ ಲಹ್ಬೀಬ್ ಬಂದರು. ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಬಿಳಿ ಕೋಲನ್ನು ಬೆಂಚಿಗೆ ಒರಗಿಸಿ, ಮುಂದಿಟ್ಟ ಮಷೀನನ್ನು ಎಳೆದುಕೊಂಡು ಅಂಚಿನುದ್ದಕ್ಕೂ ಬೆರಳಾಡಿಸಿದರು. ಬೆರಳು ನಿಂತಿತು.

"ಇದು ನಂದಲ್ಲ ಮಗಳೇ. ನಂದಕ್ಕೆ ಎಡಗಡೆ ಒಂದು ಗೀರಿದೆ."

ಲಹ್ಬೀಬ್ ಅವರ ಕಂಪ್ಯೂಟರ್ ಮಾತಾಡುವಂಥದ್ದು. ಯಾವ ಗುಂಡಿ ಒತ್ತಿದರೂ, ಪರದೆಯ ಮೇಲೆ ಏನು ಬಂದರೂ ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಅದರಲ್ಲಿದೆ. ಕೆಲಸದ ನಡುವೆಯೇ ಅವರು ಕಾನೂನು ಪದವಿಗೆ ಓದುತ್ತಿದ್ದರು. ಮೂರು ವರ್ಷ ಕ್ಲಾಸಿನಲ್ಲಿ ಕೂತು ಧ್ವನಿಮುದ್ರಿಸಿಕೊಂಡ ಪಾಠಗಳೆಲ್ಲ ಅದರಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ಪರೀಕ್ಷೆಗೆ ಉಳಿದಿದ್ದು ಎರಡು ವಾರ.

ಬೂಶಾಯಿಬ್ ಕೂಗಾಡಿದರು. "ಕಣ್ಣಿದ್ದೂ ಕುರುಡಾದ್ಯಾ? ನಿನ್ನ ವಾರದ ಕೂಲಿ ಹಿಡ್ಕೊಂಡ್ರೆ ಸಾಲತ್ತಾ ಇದಕ್ಕೆ? ನನ್ನ ಅಂಗಡಿ ಮಾನ ಹೋಯ್ತಲ್ಲೇ!" ಮಾತು ಬಾಯಿಂದ ಹೊರಬಿದ್ದ ಮೇಲೆ ಎದುರಿಗೆ ಕೂತವರ ನೆನಪಾಗಿ ನಾಲಿಗೆ ಕಚ್ಚಿಕೊಂಡರು.

ಲಹ್ಬೀಬ್ ನಕ್ಕರಂತೆ. "ಪರವಾಗಿಲ್ಲ ಮಾಲ್ಲೆಮ್, ನಾನೇನೂ ನೋಡ್ಲಿಲ್ಲ" ಎಂದರಂತೆ. ಆದರೆ ಅವರ ಬೆರಳು ಗೀರಿಲ್ಲದ ಆ ಅಂಚನ್ನು ಮತ್ತೆ ಮತ್ತೆ ತಡವುತ್ತಿದ್ದುದನ್ನು ಇಬ್ತಿಸಾಮ್ ಕಂಡಿದ್ದಳು. "ಬೈದಿದ್ರೆ ತಡ್ಕೋತಿದ್ದೆ. ಅವ್ರು ಬೈಯ್ಲೇ ಇಲ್ಲ. 'ನೀನು ಹುಡ್ಕು, ನಾನಿಲ್ಲೇ ಕೂತಿರ್ತೀನಿ' ಅಂದ್ರು. ಅದು ಇನ್ನೂ ಕಷ್ಟ."

ಹಿಂದಿನ ದಿನ ಅಂಥದ್ದೇ ಮಷೀನು ಒಯ್ದಿದ್ದ ತೂರಿಯಾಳ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಕೊನೆಗೊಮ್ಮೆ ಎತ್ತಿದ್ದು ಅವಳ ಅತ್ತೆ, ಫತ್ತೂಮಜ್ಜಿ. ಆ ಸಂಭಾಷಣೆಯನ್ನು ಇಬ್ತಿಸಾಮ್ ಇಬ್ಬರ ದನಿಯಲ್ಲೂ ಮಾಡಿ ತೋರಿಸುತ್ತಾಳೆ.

"ಅಜ್ಜಿ, ನಿಮ್ಮ ಸೊಸೆ ನಿನ್ನೆ ತಂದ್ರಲ್ಲ ಕಂಪ್ಯೂಟರ್..."

"ಓ, ಆ ಪೀಡೆನಾ! ಅದ್ರೊಳಗೆ ಒಬ್ಬ ಗಂಡಸು ಕೂತವ್ನೆ ಕಣೇ! ಇವ್ಳು ಏನ್ ಮುಟ್ಟಿದ್ರೂ ಕೂಗ್ತಾನೆ. ರೇಡಿಯೋದಲ್ಲಿ ಸುದ್ದಿ ಓದೋನ ಥರ ಶುದ್ಧ ಅರಬ್ಬಿ ಬೇರೆ. ತಲೆ ಮೇಲೆ ವಸ್ತ್ರ ಇಲ್ದೆ ನಾನು ಅವ್ನೆದುರು ಓಡಾಡ್ಬೇಕಾ? ಕಂಬಳಿ ಸುತ್ತಿ ಇಟ್ಟಿದ್ದೆ."

"ಈಗೆಲ್ಲಿದೆ ಅಜ್ಜಿ?"

"ಸೊಸೆ ಒಯ್ದಿದಾಳೆ, ಇಲ್ಲೇ ಬೇಕರಿ ಹಿಂದಿನ ಅಂಗ್ಡಿಗೆ. ನೀವು ರಿಪೇರಿಯವ್ರು ಏನೋ ತುಂಬಿ ಕೆಡ್ಸಿದೀರಿ ಅಂತ, ಒಳಗಿರೋದನ್ನೆಲ್ಲ ಒರೆಸಿ ಹಾಕ್ಸಿ, ಹೊಸದು ತುಂಬ್ಸೋಕೆ. ಫೋನು ಮನೇಲೇ ಬಿಟ್ಟ್ ಹೋಗಿದಾಳೆ."

ಇಬ್ತಿಸಾಮ್‌ಗೆ ಕೂಡಲೇ ದಾರಿಯ ಲೆಕ್ಕ ಹೊಳೆಯಿತು. ಅಝಮ್ಮೂರಿಗೆ ಹೋಗಿ ಮುಟ್ಟುವ ಹೊತ್ತಿಗೆ ಮಷೀನು ಖಾಲಿಯಾಗಿರುತ್ತದೆ. "ಅಜ್ಜಿ, ನೀವೇ ಸ್ವಲ್ಪ ಹೋಗಿ ತಡೀರಿ" ಎಂದು ಬೇಡಿದಳು.

"ನಾನಾ? ನನ್ನ ಮಂಡಿ ನೋಡಿದ್ಯಾ ನೀನು?"

"ಅಜ್ಜಿ, ಆ ಮಷೀನು ಕಣ್ಣು ಕಾಣದ ಒಬ್ರದ್ದು. ಒಳಗಿನ ಗಂಡಸು ಅವ್ರಿಗೆ ಓದಿ ಹೇಳೋನು. ಅವ್ನು ಹೋದ್ರೆ ಇವ್ರ ಮೂರು ವರ್ಷದ ಓದು ಹೋಗತ್ತೆ."

ಆ ಕಡೆ ಏನೋ ಸರಿದಾಡಿದ ಸದ್ದು. ಆಮೇಲೆ, "ಮೊದ್ಲೇ ಬೊಗಳೋಕೇನಾಗಿತ್ತು ನಿಂಗೆ? ಎಲ್ಲಿ ನನ್ನ ಕೋಲು..." ಎಂಬ ಗೊಣಗಾಟ. ಫೋನು ಕಟ್ಟಾಯಿತು.

ಬಾಡಿಗೆ ಟ್ಯಾಕ್ಸಿಯಲ್ಲಿ ಆರು ಜನರ ನಡುವೆ ಒತ್ತಿಕೊಂಡು ಕೂತ ಆ ದಾರಿಯನ್ನು ಇಬ್ತಿಸಾಮ್ ಈಗಲೂ ನೆನೆಯಲು ಒಲ್ಲಳು. ಮರಳಿ ಫೋನ್ ಮಾಡಿದರೆ ಎತ್ತುವವರಿಲ್ಲ. ಈ ಕೆಲಸವೇ ಬೇಡ, ಅಮ್ಮನ ಜೊತೆ ಮೆಟ್ಟಿಲು ತೊಳೆಯುತ್ತೇನೆ ಎಂದು ತೀರ್ಮಾನಿಸಿಬಿಟ್ಟಿದ್ದಳು. "ಮೆಟ್ಟಿಲು ಅದಲುಬದಲಾಗಲ್ವಲ್ಲ ಅಂತ ಅಂದ್ಕೊಂಡೆ."

ಅಝಮ್ಮೂರಿನ ಬೇಕರಿಯ ಹಿಂದಿನ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಒಬ್ಬ ಅಜ್ಜಿ ಕೂತಿದ್ದರು. ಮಡಿಲಲ್ಲಿ ಕಂಬಳಿಯ ಗಂಟು. ಒಳಗೆ ರಿಪೇರಿಯವನು ಹೊರಗೆ ಬರಲಾಗದೆ ಮುಖ ಊದಿಸಿಕೊಂಡು ನಿಂತಿದ್ದ. ತೂರಿಯಾ ಪಕ್ಕದಲ್ಲಿ ತಲೆ ತಗ್ಗಿಸಿ ನಗು ತಡೆಯುತ್ತಿದ್ದಳು.

"ನೀನೇನಾ ಆ ಫೋನಿನವ್ಳು? ತಗೋ ನಿನ್ನ ಗಂಡಸನ್ನ" ಎಂದರು ಫತ್ತೂಮಜ್ಜಿ. "ಇನ್ನೊಂದು ಗುಂಡಿ ಒತ್ತಿದ್ರೆ ಮುಗ್ದೇ ಹೋಗ್ತಿತ್ತಂತೆ. ಇವ್ನ ಕೈ ಮೇಲೆ ನನ್ನ ಕೋಲಿಟ್ಟೆ ನೋಡು, ಮಿಸುಕಾಡ್ಲಿಲ್ಲ."

ಇಬ್ತಿಸಾಮ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಮಷೀನು ತೆರೆದಳು. ಒಳಗಿನ ದನಿ ಗಂಭೀರವಾಗಿ ಒಂದೊಂದೇ ಪಾಠದ ಹೆಸರು ಓದತೊಡಗಿತು. ಎಲ್ಲವೂ ಇದ್ದವು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಒಡೆದು ಬಂತು. ಅಜ್ಜಿ ಅವಳನ್ನು ಮನೆಗೆ ಎಳೆದುಕೊಂಡು ಹೋಗಿ, ತುಪ್ಪ ಜೇನು ಸವರಿದ ಮ್ಸಮ್ಮನ್ ರೊಟ್ಟಿ ತಿನ್ನಿಸಿ, ಪುದೀನ ಚಹಾ ಕುಡಿಸಿದ ಮೇಲೆಯೇ ಬಿಟ್ಟುಕೊಟ್ಟದ್ದು.

ಸಂಜೆ ಮರಳಿದಾಗ ಲಹ್ಬೀಬ್ ಕೂತಲ್ಲೇ ಇದ್ದರು. ಅವರಿಗೆ ಬೂಶಾಯಿಬ್ ಊಟ ತರಿಸಿಕೊಟ್ಟು, ಎದುರಿಗೇ ಕೂತು ತಾವೂ ಉಂಡಿದ್ದರು. ಮಷೀನು ಮಾತಾಡಿದ್ದೇ ತಡ, ಲಹ್ಬೀಬ್ ಗೀರಿನ ಮೇಲೆ ಬೆರಳಿಟ್ಟು ಉದ್ದಕ್ಕೆ ಉಸಿರು ಬಿಟ್ಟರು. ಓಣಿಯ ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ಸೇರಿದ್ದರು. ಎಲ್ಲರಿಗೂ ಒಟ್ಟಿಗೆ ಉಸಿರು ಬಂದಂತಾಯಿತು.

"ಮಾಲ್ಲೆಮ್, ಈ ಹುಡುಗಿ ಕೂಲಿ ಹಿಡಿದ್ರೆ ನಾನು ಪಕ್ಕದಂಗಡಿ ಗಿರಾಕಿ" ಎಂದರು ಲಹ್ಬೀಬ್.

"ಹಿಡಿಯಲ್ಲ ಬಿಡಿ. ನಾನೂ ಬೆಳಿಗ್ಗೆ ಸ್ವಲ್ಪ ಜಾಸ್ತೀನೇ ಕೂಗ್ಬಿಟ್ಟೆ" ಎಂದರು ಬೂಶಾಯಿಬ್. ಆ ಶನಿವಾರ ಅವಳ ಕೈಗೆ ಪೂರ್ತಿ ಕೂಲಿ ಬಂತು. ಇಬ್ತಿಸಾಮ್ ಅವಸರದಲ್ಲಿ ಅಂಗಡಿಯಲ್ಲೇ ಬಿಟ್ಟು ಹೋಗಿದ್ದ ತೂರಿಯಾಳ ಮಷೀನನ್ನು ಅವರೇ ಅಝಮ್ಮೂರಿಗೆ ಮುಟ್ಟಿಸಿ ಬಂದರು. ಅಂದಿನಿಂದ ಹೆಸರಿನ ಚೀಟಿ ಮಷೀನಿನ ಹೊಟ್ಟೆಗೆ, ಒರೆಸಿದರೂ ಹೋಗದಂತೆ ಅಂಟುತ್ತದೆ. ಮಷೀನಿಗೆ ಹತ್ತು ಎಂಬ ಲೆಕ್ಕವೂ ನಿಂತಿತು. ಬದಲಿಗೆ ವಾರದ ಕೂಲಿಯೇ ಸ್ವಲ್ಪ ಏರಿತು. "ಓಡ್ಸಿದ್ದು ನಾನೇ, ಎಡವಿದ್ಯಾಕೆ ಅಂತ ಕೇಳಿದ್ದೂ ನಾನೇ. ಅದು ಸರಿಯಲ್ಲ" ಎನ್ನುತ್ತಾರೆ ಬೂಶಾಯಿಬ್.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಾತಾಡುವ ಪ್ರೋಗ್ರಾಂ ಹಾಕಿಕೊಡುವವರು ಊರಲ್ಲಿ ವಿರಳ, ಇದ್ದವರು ಕೇಳುವ ದುಡ್ಡು ವಿಪರೀತ ಎಂದು ಲಹ್ಬೀಬ್ ಹೇಳಿದ್ದರು. ಪರೀಕ್ಷೆ ಮುಗಿಸಿ ಬಂದು, ವಾರಕ್ಕೊಮ್ಮೆ ಅವಳ ಪಕ್ಕದಲ್ಲಿ ಕೂತು ಅದನ್ನು ಕಲಿಸಿಕೊಟ್ಟರು. ಅವಳ ಕಣ್ಣಿಗೆ ಬಟ್ಟೆ ಕಟ್ಟಿಸಿ, ದನಿಯನ್ನಷ್ಟೇ ನಂಬಿ ಮಷೀನು ನಡೆಸುವುದನ್ನು ರೂಢಿ ಮಾಡಿಸಿದರು. ಆಮೇಲೆ ತಮ್ಮ ಗೆಳೆಯರನ್ನು ಕಳಿಸತೊಡಗಿದರು. ರಬಾತ್‌ನಿಂದ, ಸೆತ್ತಾತ್‌ನಿಂದ ಫೋನು ಬರುತ್ತದೆ. "ಇಬ್ತಿಸಾಮ್ ಇದ್ದಾಳಾ?" ಎಂದೇ ಕೇಳುತ್ತಾರೆ. ಮಾಲ್ಲೆಮ್ ಇದ್ದಾರಾ ಎಂದಲ್ಲ.

"ಈ ಸಂತೇಲಿ ಕೂಲಿ ಏರೋದು ಯಾವಾಗ ಗೊತ್ತಾ? ಗಿರಾಕಿ ಹೆಸರು ಹಿಡ್ದು ಕೇಳ್ದಾಗ" ಎನ್ನುತ್ತಾರೆ ಬೂಶಾಯಿಬ್. ಬೆಸುಗೆಯಲ್ಲೂ ಅವಳ ಕೈ ಕುದುರಿದೆ. ಕಳೆದ ಈದ್ ಹಬ್ಬದ ನಂತರ ಅವಳಿಗೆ ಅರ್ಧ ಪಾಲು. ಬಿಡಿಭಾಗದ ಖರ್ಚು ಕಳೆದು ಉಳಿದದ್ದರಲ್ಲಿ ಸಮ ಸಮ. ತಿಂಗಳಿಗೆ ನಾಲ್ಕು ಸಾವಿರದ ಆಚೀಚೆ ಬರುತ್ತದೆ. ಹಂಗಾಮಿನಲ್ಲಿ ಐದು ದಾಟಬಹುದು, ಆಗಸ್ಟಿನಲ್ಲಿ ಮೂರಕ್ಕಿಳಿಯಬಹುದು. ಕಂಪನಿಯ ಗೆಳತಿಯಂತೆ ವಿಮೆ ಇಲ್ಲ, ಜ್ವರ ಬಂದರೆ ಆ ದಿನದ ದುಡಿಮೆ ಇಲ್ಲ. ಅದನ್ನು ಅವಳು ಮುಚ್ಚಿಡುವುದಿಲ್ಲ. "ಆದ್ರೆ ತಿಂಗಳ ಕೊನೇಲಿ ಅಮ್ಮನ ಮುಖ ನೋಡೋಕೆ ಈಗ ಹೆದ್ರಿಕೆ ಆಗಲ್ಲ."

ಲಹ್ಬೀಬ್ ಒಂದನ್ನುಳಿದು ಎಲ್ಲ ಪೇಪರ್ ಪಾಸು ಮಾಡಿದರು. ಉಳಿದದ್ದು ತೆರಿಗೆ ಕಾನೂನು. "ಆ ಪಾಠದಲ್ಲಿ ನಾನೇ ನಿದ್ದೆ ಮಾಡಿದ್ದೆ. ರೆಕಾರ್ಡಿಂಗಲ್ಲಿ ನನ್ನ ಗೊರಕೆನೂ ಇದೆ" ಎಂದು ಅವರೇ ಹೇಳಿಕೊಂಡು ನಗುತ್ತಾರೆ. ಈ ವರ್ಷ ಅದನ್ನೂ ಮುಗಿಸುವ ಉಮೇದಿನಲ್ಲಿದ್ದಾರೆ.

ಬಿಸಿಲು ಈಗ ಓಣಿಗೆ ಇಳಿದಿದೆ. ಬಾಗಿಲುಗಳು ಒಂದೊಂದಾಗಿ ಸದ್ದು ಮಾಡುತ್ತ ಏಳುತ್ತಿವೆ. ಮುಂದೇನು ಆಸೆ ಎಂದು ಕೇಳಿದರೆ ಇಬ್ತಿಸಾಮ್ ಸ್ವಂತ ಅಂಗಡಿಯ ಮಾತು ಎತ್ತುವುದಿಲ್ಲ. ಅಮ್ಮ ಮೂರು ಕಟ್ಟಡಗಳಲ್ಲಿ ಒಂದನ್ನು ಬಿಟ್ಟಿದ್ದಾರೆ, ಶುಕ್ರವಾರ ಈಗ ಮನೆಯಲ್ಲೇ ಇರುತ್ತಾರೆ ಎನ್ನುತ್ತಾಳೆ.

"ಶುಕ್ರವಾರ ಇಲ್ಲಿ ಎಲ್ರ ಮನೇಲೂ ಕುಸ್ಕುಸ್ ಊಟ. ಮಧ್ಯಾಹ್ನ ಮನೇಗೆ ಹೋಗಿ, ಅಮ್ಮ ಮಾಡಿದ ಕುಸ್ಕುಸ್‌ನ ಅಮ್ಮನ ಜೊತೆ ಕೂತು ಬಿಸಿಬಿಸಿ ತಿನ್ಬೇಕು. ಅಷ್ಟೇ. ಇಷ್ಟು ವರ್ಷ ಇಲ್ಲೇ ಬೆಂಚಿನ ಮೇಲೆ ತಣ್ಣಗಾಗಿದ್ದನ್ನ ತಿಂದಿದ್ದಾಯ್ತು. ಹೋದ ವಾರ ಒಂದ್ಸಲ ಹೋಗಿದ್ದೆ..." ಎಂದು ಸ್ಕ್ರೂಡ್ರೈವರ್ ಕೆಳಗಿಟ್ಟು ನಗುತ್ತಾಳೆ. "ನಾಲಿಗೆ ಸುಟ್ಕೊಂಡೆ. ಎಷ್ಟ್ ಖುಷಿ ಆಯ್ತು ಗೊತ್ತಾ!"