ಒಂದು ಬೀಪ್‌ಗೆ ಕಾಯುವ ಅಕ್ಕ

ಬೀದಿಗೆ ಇನ್ನೂ ಪೂರ್ತಿ ಬೆಳಕು ಬಂದಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಮೇಜಿನ ಮೇಲೊಂದು ಹಳೆಯ ಕಂಪ್ಯೂಟರಿನ ಡಬ್ಬ. ಬಿಳಿ ಮೈ ಹಳದಿಗೆ ತಿರುಗಿದೆ. ಅದರ ಮುಂದೆ ಕೂತಿರುವ, ಐವತ್ತು ದಾಟಿದ ಹೆಂಗಸು ಏನನ್ನೂ ಮುಟ್ಟುತ್ತಿಲ್ಲ. ಡಬ್ಬವನ್ನು ಸೀರೆಯಲ್ಲಿ ಸುತ್ತಿ ಹೊತ್ತು ತಂದ, ಮನೆಯಲ್ಲೇ ಕಸೂತಿ ಹಾಕಿ ಬದುಕುವ ಕಸೂತಿಯಮ್ಮನಿಗೆ ಹೇಳುತ್ತಾರೆ:

"ನೀವೇ ಆನ್ ಮಾಡಿ. ಮನೇಲಿ ದಿನಾ ಹೇಗೆ ಮಾಡ್ತೀರೋ ಹಾಗೆ."

ಗುಂಡಿ ಒತ್ತಿದ್ದಾಯಿತು. ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇದೆ. ಕಸೂತಿಯಮ್ಮನ ಮುಖ ಕಿವುಚಿಕೊಳ್ಳುತ್ತದೆ.

"ಏನಂತಿದೆ?"

"ನಿಲ್ಲದೆ ಅಳ್ತಿದೆ ಅಕ್ಕಾ. ಬೀಪ್ ಬೀಪ್ ಅಂತ."

"ಅಳ್ಲಿ ಬಿಡಿ. ಅಳೋ ಮಗೂಗೆ ಹೆದರಬಾರದು, ಸುಮ್ಮನೆ ಬಿದ್ದಿರೋದಕ್ಕೆ ಹೆದರಬೇಕು."

ಕೆಟ್ಟ ಕಂಪ್ಯೂಟರುಗಳನ್ನು ಎಬ್ಬಿಸುವ ಇವರನ್ನು ಸುತ್ತಲಿನ ಬೀದಿಗಳು ಬೀಪಕ್ಕ ಎಂದು ಕರೆಯುತ್ತವೆ. ಆರೋಗ್ಯವಾಗಿರುವ ಹಳೆಯ ಡಬ್ಬ ಎದ್ದಾಗ ಒಂದೇ ಒಂದು ಚಿಕ್ಕ ಬೀಪ್ ಕೊಡುತ್ತದೆ. ಬೀಪಕ್ಕನ ಕೆಲಸವೆಲ್ಲ ಅದಕ್ಕಾಗಿ ಕಾಯುವುದು. ತಮಾಷೆಯೆಂದರೆ, ಆ ಸದ್ದು ಅವರಿಗೇ ಕೇಳಿಸುವುದಿಲ್ಲ. ಟೈಪಿಂಗ್ ಕಲಿಸುವ ಕೋಣೆಯೊಂದರಲ್ಲಿ, ಕಟಕಟ ಯಂತ್ರಗಳ ನಡುವೆ, ಅವರ ಯೌವನವೆಲ್ಲ ಕಳೆಯಿತು. ಸಣ್ಣ ಸದ್ದುಗಳೂ ಅದರ ಜೊತೆಗೇ ಹೋದವು. ಮಾತು ಹೇಗೋ ಕೇಳುತ್ತದೆ. ಹಕ್ಕಿ, ಸೊಳ್ಳೆ, ಬೀಪ್ ಇಲ್ಲ.

ಟೈಪಿಂಗ್ ಕ್ಲಾಸು ಮುಚ್ಚಿದಾಗ, ಅಲ್ಲಿ ಮೂಲೆಗೆ ಬಿದ್ದಿದ್ದ ಕಂಪ್ಯೂಟರುಗಳನ್ನು ಗುಜರಿಯವನ ಕೈಗೆ ಕೊಡದೆ ಮನೆಗೆ ತಂದರು. ಒಂದನ್ನು ಬಿಚ್ಚಿದರು, ಇನ್ನೊಂದನ್ನು ಇದ್ದದ್ದಕ್ಕಿಂತ ಹೆಚ್ಚು ಕೆಡಿಸಿದರು, ಮೂರನೆಯದು ಎದ್ದಿತು. "ಕರೆದ್ರೂ ಓ ಅನ್ನದವರು ಮನೇಲಿ ಮೊದಲೇ ಒಬ್ರಿದ್ರು. ಅಭ್ಯಾಸ ಇತ್ತು," ಎಂದು ಒಳಬಾಗಿಲ ಕಡೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ಚಹಾ ಸೋಸುತ್ತಿರುವ ಗಂಡ, ನಿವೃತ್ತ ಬಸ್ ಡ್ರೈವರ್, ಈಗಲೂ ಓ ಅನ್ನುವುದಿಲ್ಲ. ಲೋಟ ತಂದಿಟ್ಟು ಹೋಗುತ್ತಾರೆ.

ದಿನಕ್ಕೆ ಎರಡೋ ಮೂರೋ ಡಬ್ಬ ಬರುತ್ತವೆ. ಬಾರದ ದಿನಗಳೂ ಉಂಟು. ಕೆಟ್ಟರೆ ಹೊಸದು ಕೊಳ್ಳುವುದೇ ಈಗಿನ ವಾಡಿಕೆ. ಕಸೂತಿಯಮ್ಮನಿಗೆ ಆ ದಾರಿಯಿಲ್ಲ. ಅವರ ಕಸೂತಿ ಯಂತ್ರಕ್ಕೆ ಹೂವು, ಅಕ್ಷರಗಳನ್ನು ಕಳಿಸುವುದು ಇದೇ ಡಬ್ಬ. ಆ ಯಂತ್ರದ ದಪ್ಪ ಕೇಬಲ್ ಚುಚ್ಚುವ ಜಾಗ ಹೊಸ ಕಂಪ್ಯೂಟರುಗಳಲ್ಲಿಲ್ಲ. ಇದು ಏಳದಿದ್ದರೆ ಯಂತ್ರವೂ ಮಲಗಿದಂತೆ, ಮನೆಯ ದುಡಿಮೆಯೂ ನಿಂತಂತೆ.

"ನಮ್ಮ ಅಳಿಯ, ಎರಡನ್ನೂ ಗುಜರಿಗೆ ಹಾಕಿ ಅತ್ತೆ ಅಂತಾನೆ."

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋ ಪೈಕಿ," ಎನ್ನುತ್ತ ಬೀಪಕ್ಕ ಪಕ್ಕದ ತಗಡು ಬಿಚ್ಚುತ್ತಾರೆ. ಬಗ್ಗಿ ಮೂಸುತ್ತಾರೆ. ಸುಟ್ಟ ವಾಸನೆಯಿಲ್ಲ. ಇನ್ನೊಮ್ಮೆ ಮೂಸಿ, ತಲೆಯೆತ್ತುತ್ತಾರೆ.

"ಎಣ್ಣೆ ಹಾಕಿದ್ರಾ?"

ಕಸೂತಿಯಮ್ಮ ನೆಲ ನೋಡುತ್ತಾರೆ. "ಫ್ಯಾನು ಕಿರುಗುಟ್ತಿತ್ತು. ಹೊಲಿಗೆ ಮೆಷಿನ್ನು ಹಾಗಂದ್ರೆ ನಾಲ್ಕು ತೊಟ್ಟು ಬಿಡ್ತೀವಲ್ಲ, ಪಾಪ ಅನ್ನಿಸ್ತು..."

ಬೀಪಕ್ಕ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಬೈಯುವುದಿಲ್ಲ. ತಿರುಗಿದ ಫ್ಯಾನು ಎಣ್ಣೆಯನ್ನು ಸುತ್ತ ಸಿಡಿಸಿದೆ. ರ್‍ಯಾಮ್ ಎಂಬ ನೆನಪಿನ ಪಟ್ಟಿ ಕೂರುವ ಸೀಳಿನಲ್ಲಿ ಆ ಎಣ್ಣೆಗೆ ಬಣ್ಣಬಣ್ಣದ ನೂಲಿನ ಜುಂಗು ಮೆತ್ತಿಕೊಂಡಿದೆ. ಪಟ್ಟಿಯನ್ನು ಕಿತ್ತು, ಅದರ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಾರೆ. ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ಸೀಳನ್ನು ತೊಳೆದು, ಆರಲು ಬಿಡುತ್ತಾರೆ. ಆರುವವರೆಗೆ ಕಸೂತಿಯಮ್ಮನ ಬೆರಳುಗಳು ಸೆರಗಿನ ಅಂಚನ್ನು ಹೊಲಿಯುವಂತೆ ಓಡುತ್ತಿವೆ. ಚಹಾ ತಣ್ಣಗಾಗಿದೆ.

ಪಟ್ಟಿ ಟಕ್ಕೆಂದು ಕೂರುತ್ತದೆ. "ಈಗ ಒತ್ತಿ."

ಕಸೂತಿಯಮ್ಮ ಒತ್ತುತ್ತಾರೆ. ಬೀಪಕ್ಕ ಪರದೆಯ ಕಡೆ ತಿರುಗುವುದೇ ಇಲ್ಲ, ಎದುರಿನ ಮುಖವನ್ನೇ ನೋಡುತ್ತಾರೆ. ಹುಬ್ಬುಗಳ ನಡುವಿನ ಗಂಟು ಹಾಗೇ ಇದೆ. ಇನ್ನೂ ಇದೆ. ಆಮೇಲೆ ಅದು ಸಡಿಲವಾಗುತ್ತದೆ. ಬಾಯಿ ಅರ್ಧ ತೆರೆಯುತ್ತದೆ. ಪರದೆ ಬೆಳಗುವ ಮೊದಲೇ ಬೀಪಕ್ಕ ತಗಡು ಮುಚ್ಚಲು ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದಾರೆ.

"ಎಣ್ಣೆ ಇನ್ಮೇಲೆ ಹೊಲಿಗೆ ಮೆಷಿನ್ನಿಗೇ ಇರ್ಲಿ. ಫ್ಯಾನು ಕಿರುಗುಟ್ಟಿದ್ರೆ ಇಲ್ಲಿಗೆ ಬನ್ನಿ."

ಡಬ್ಬ ಮತ್ತೆ ಸೀರೆಯೊಳಗೆ ಸುತ್ತಿಕೊಂಡು ಬೀದಿಗಿಳಿಯುತ್ತದೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಬೀಪಕ್ಕ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸುತ್ತಾರೆ.

"ಡಬ್ಬ ಇಟ್ಟು, ಸಂಜೆ ಬರ್ತೀನಿ ಅಂತ ಹೋಗಿಬಿಡ್ತಾರಲ್ಲ, ಹಾಗೆ ಹೋಗಬಾರದು. ಎದುರಿಗೆ ನಿಂತು ಅವರೇ ಒತ್ತಬೇಕು. ಬೀಪ್ ಬಂದಾಗ ಜನರ ಮುಖ ಹೇಗಾಗುತ್ತೆ ಅಂತ, ಕ್ಲಾಸಲ್ಲಿ ಕಿವಿ ಚೆನ್ನಾಗಿದ್ದಾಗ ನಾನೂ ನೋಡಿರಲಿಲ್ಲ."