ತೆಂಗಿನ ನಾರಿನ ಸೀಟು

ಗುರುವಾರ, ಇನ್ನೂ ನಸುಕು. ಅಮೆರಿಕದ ಜಾರ್ಜಿಯಾದಲ್ಲಿ, ಅಟ್ಲಾಂಟಾ ನಗರಕ್ಕೆ ಹತ್ತಿರದ ಕಮ್ಮಿಂಗ್ ಊರಾಚೆ, ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದೇ ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಮರದ ಹಲಗೆಯ ಮೇಲೆ ಕಾರಿನ ಸೀಟೊಂದು ಬೋರಲಾಗಿ ಬಿದ್ದಿದೆ. ಜೈನಬ್ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಒಂದು ಮಂಡಿಯನ್ನು ಸೀಟಿನ ಮೇಲೆ ಊರಿ, ಅದನ್ನು ಅಮುಕಿ ಹಿಡಿದಿದ್ದಾರೆ. ಬಾಯಲ್ಲಿ ಸಣ್ಣ ಸಣ್ಣ ಕಬ್ಬಿಣದ ಬಳೆಗಳು. ಒಂದೊಂದನ್ನೇ ತೆಗೆದು ಹೊದಿಕೆಯ ಅಂಚಿಗೆ ಸಿಕ್ಕಿಸುತ್ತಾರೆ, ಚೌಕಟ್ಟಿನ ತಂತಿಗೆ ತಂದು ಇಕ್ಕಳದಿಂದ ಹಿಂಡುತ್ತಾರೆ. ಬಾಯಿ ಖಾಲಿಯಾದಾಗಷ್ಟೇ ಮಾತು.

"ಸೀಟು ಅಂದ್ರೆ ಹಿಂಗೆ ಕೂತ್ಕೋಬೇಕು ಅದ್ರ ಮೇಲೆ, ಕುಸ್ತಿ ಮಾಡಿದಂಗೆ. ಪ್ರೀತಿಯಿಂದ ಹೇಳಿದ್ರೆ ಬಗ್ಗಲ್ಲ ಅದು."

ಸೀಟು ಮಿಸ್ ಒಡೆಸ್ಸಾ ಅವರ ಕಾರಿನದು. ತಿಳಿನೀಲಿ ಬಣ್ಣದ, ಎರಡು ಬಾಗಿಲಿನ, ಅರವತ್ತಾರನೇ ಇಸವಿಯ ಮಸ್ಟಾಂಗ್. ಶೆಡ್ಡಿನ ಮೂಲೆಯಲ್ಲಿ ಹಲ್ಲು ಕಿತ್ತ ಬಾಯಿಯ ಹಾಗೆ ಅದು ತೆರೆದು ನಿಂತಿದೆ. ಶನಿವಾರ ಮಾಲ್ ಒಂದರ ಪಾರ್ಕಿಂಗ್ ಬಯಲಿನಲ್ಲಿ ಹಳೆಯ ಮಸ್ಟಾಂಗ್‌ಗಳ ಸ್ಪರ್ಧೆ. ಕಾರ್ಖಾನೆಯಿಂದ ಹೊರಬಂದ ದಿನ ಕಾರು ಹೇಗಿತ್ತೋ ಹಾಗೇ ಇದೆಯೇ ಎಂದು ತೀರ್ಪುಗಾರರು ಟಾರ್ಚು ಹಿಡಿದು ಕಾರಿನೊಳಗೆ ತೂರಿ ನೋಡುತ್ತಾರೆ, ಸೀಟಿನ ಅಡಿಗೆ ಮುಖ ಹಾಕಿ ನೋಡುತ್ತಾರೆ. ಕಾರ್ಖಾನೆ ಹಾಕದ ವಸ್ತು ಒಂದು ಸಿಕ್ಕರೆ ಅಂಕ ಹೋಯಿತು.

ಈ ಸೀಟಿನೊಳಗೆ ಅಂಥದೊಂದು ವಸ್ತು ಇದೆ. ಫೋಮಿನ ಅಡಿಯಲ್ಲಿ ಎರಡು ಪದರ ತೆಂಗಿನ ನಾರು.

ಶೆಡ್ಡಿನ ಮಾಲೀಕ ಡೇಲ್ ನಿನ್ನೆ ಹೇಳಿ ಹೋಗಿದ್ದಾನೆ: ನಾಳೆ ಸಂಜೆಯೊಳಗೆ ಆ ನಾರು ಹೊರಗಿರಬೇಕು, ಇಲ್ಲದಿದ್ದರೆ ನೀನು ಹೊರಗೆ. ಜೈನಬ್ ಈಗ ಬಿಗಿಯುತ್ತಿರುವುದು ಕೊನೆಯ ಬಳೆಗಳನ್ನು. ನಾರು ಒಳಗೇ ಇದೆ.

*

ಜೈನಬ್ ಮೈಸೂರಿನ ಮಂಡಿ ಮೊಹಲ್ಲಾದವರು. ಅವರ ತಂದೆ ಟಾಂಗಾಗಳಿಗೆ ಸೀಟು ಹೊಲಿಯುತ್ತಿದ್ದರು. ಟಾಂಗಾ ಕಡಿಮೆಯಾದ ಮೇಲೆ ಆಟೋಗಳಿಗೆ. ಗಂಡುಮಕ್ಕಳು ಕೆಲಸ ಕಲಿಯಲಿಲ್ಲ, ಮಗಳು ನೋಡಿ ನೋಡಿ ಕಲಿತಳು. ಅಂಗಡಿಯ ಮುಂದೆ ಕೂರಲು ಹೆಣ್ಣುಮಗಳಿಗೆ ಅಪ್ಪಣೆ ಇರಲಿಲ್ಲ. ಹಿಂದಿನ ಕೋಣೆಯಲ್ಲಿ ನಾರು ಬಿಡಿಸಿ, ಬಡಿದು, ಒತ್ತುವುದಕ್ಕೆ ಮಾತ್ರ ಎಲ್ಲರ ಅಪ್ಪಣೆಯೂ ಇತ್ತು. ಹೆಣ್ಣಿನ ದುಡಿಮೆ ಯಾವತ್ತೂ ಹಿಂದಿನ ಕೋಣೆಯಲ್ಲೇ ಹಲಾಲು.

ಗಂಡ ಅನ್ವರ್ ಪಾಷಾ ಕಂಪ್ಯೂಟರ್ ಕೆಲಸಕ್ಕೆಂದು ಅಟ್ಲಾಂಟಾಕ್ಕೆ ಬಂದಾಗ ಜೈನಬ್ ಅವಲಂಬಿತರ ವೀಸಾದಲ್ಲಿ ಬಂದರು. ಆ ವೀಸಾದವರು ದುಡಿಯುವಂತಿಲ್ಲ. ಅಡುಗೆ ಮಾಡಬಹುದು, ಬಟ್ಟೆ ಒಗೆಯಬಹುದು, ಕಿಟಕಿಯಲ್ಲಿ ನಿಂತು ಸ್ಕೂಲ್ ಬಸ್ಸು ನೋಡಬಹುದು; ಸಂಬಳ ಬರುವ ಯಾವುದನ್ನೂ ಮುಟ್ಟಬಾರದು. ಮೈಸೂರಿನಲ್ಲಿ ಮೊಹಲ್ಲಾದವರು ಕಟ್ಟಿಹಾಕಿದ್ದ ಕೈಯನ್ನು ಇಲ್ಲಿ ಸರ್ಕಾರವೇ ಕಟ್ಟಿಹಾಕಿತು. ಗ್ರೀನ್ ಕಾರ್ಡ್ ಬಂದ ವಾರವೇ ಅವರು ರಸ್ತೆ ಬದಿಯ ಈ ಶೆಡ್ಡಿಗೆ ನಡೆದುಕೊಂಡೇ ಬಂದರು. ಎಲ್ಲರೂ ಕಾರಿನಲ್ಲೇ ಓಡಾಡುವ ಊರಿನಲ್ಲಿ, ಕಾಲುದಾರಿ ಕೂಡ ಇಲ್ಲದ ಹುಲ್ಲಂಚಿನ ಮೇಲೆ.

"ಡೇಲ್ ಕೇಳ್ದ, ನಿಂಗೆ ಏನ್ ಬರುತ್ತೆ ಅಂತ. ನಂಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಲ್ಲೊಂದು ಹರಿದಿರೋ ಸೀಟ್ ಇತ್ತು. ಕತ್ತರಿ ಕೊಡು ಅಂದೆ."

ಮೊದಲ ಸೀಟಿನಲ್ಲೇ ಎಡವಟ್ಟಾಯಿತು. ಮೈಸೂರಿನ ಕೈ ಮೈಸೂರಿನ ಹಾಗೇ ತುಂಬಿತು. ನಮ್ಮ ಕಡೆ ಸೀಟೆಂದರೆ ಎತ್ತರವಾಗಿರಬೇಕು, ಗುದ್ದಿದರೆ ಗುದ್ದಿದ ಕೈಯೇ ನೋಯಬೇಕು. ಕೂತರೆ ಕುಸಿಯುವುದಕ್ಕೆ ಕೊಟ್ಟ ಕಾಸು ದಂಡ ಎನ್ನುತ್ತಾರೆ. ಈ ಮಸ್ಟಾಂಗ್‌ಗಳ ಸೂರು ತಗ್ಗು. ಆರಡಿ ಮೀರಿದ ಗಿರಾಕಿ ಕೂತ, ಬಾಗಿಲು ಹಾಕಿದ, ಮೊದಲ ಹಳ್ಳಕ್ಕೇ ತಲೆ ಸೂರಿಗೆ ಬಡಿಯಿತು. ಟೋಪಿ ಹಿಡಿದುಕೊಂಡು ವಾಪಸು ಬಂದ.

"ಜೈನಬ್ ಅನ್ನೋಕೆ ಬರಲ್ಲ ಅವನಿಗೆ, ಬರೀ ಜೀ ಅಂತಾನೆ. ಡೇಲ್ ಅಂದ, ಜೀ, ಇದು ಸೀಟಾ, ಸಿಂಹಾಸನಾನಾ? ನಾನಂದೆ, ನಮ್ಮೂರು ಮೈಸೂರು, ನಮಗೆ ಅದೊಂದೇ ಗೊತ್ತಿರೋದು."

ಡೇಲ್ ಹೊಟ್ಟೆ ಹಿಡಿದು ನಕ್ಕನಂತೆ. ಅವತ್ತಿನಿಂದ ಜೈನಬ್ ಕೆಲಸದ ಕ್ರಮ ಬದಲಾಯಿತು. ಮೊದಲು ಕಾರಿನ ಅಳತೆಯಲ್ಲ, ಕೂರುವವರ ಅಳತೆ. ಗಿರಾಕಿಯನ್ನು ಬರಿಯ ಚೌಕಟ್ಟಿನ ಮೇಲೆ ಕೂರಿಸಿ, ಅಡಿಗೆ ಒಂದೊಂದೇ ನಾರಿನ ಹಾಸು ತುರುಕುತ್ತಾ ಹೋಗುತ್ತಾರೆ. "ಬಾನೆಟ್ ತುದಿ ಕಾಣ್ತಾ?" ಎಂದು ಕೇಳುತ್ತಾರೆ. ಕಾಣ್ತು ಎಂದ ಕಡೆ ನಿಲ್ಲಿಸುತ್ತಾರೆ. ಉದ್ದನೆಯವರಿಗೆ ನಾರು ಬೇಡ, ಬರೀ ಫೋಮು ಸಾಕು. ಕುಳ್ಳಗಿನವರಿಗೆ ಬೇಕು. ಫೋಮು ಎರಡು ವರ್ಷಕ್ಕೆ ಕುಸಿಯುತ್ತದೆ, ನಾರು ನಿಲ್ಲುತ್ತದೆ.

ಅಟ್ಲಾಂಟಾದಲ್ಲಿ ತೆಂಗಿನ ನಾರು ಎಲ್ಲಿಂದ? ಗಾರ್ಡನ್ ಅಂಗಡಿಯಿಂದ. ವರಾಂಡಾಗಳಲ್ಲಿ ಹೂಗಿಡದ ಬುಟ್ಟಿ ತೂಗುಹಾಕುತ್ತಾರಲ್ಲ, ಅದರೊಳಗಿನ ಹಾಸು. "ಬಿಲ್ ಹಾಕೋ ಹುಡ್ಗಿ ಕೇಳ್ತಾಳೆ, ಎಷ್ಟ್ ಗಿಡ ಇದೆ ನಿಮ್ಮನೇಲಿ ಅಂತ. ಒಂದೂ ಇಲ್ಲ ಅಂತೀನಿ. ಅವಳಿಗೆ ನಾನು ಹುಚ್ಚಿ."

ಹುಚ್ಚಿ ಎನ್ನುವವರು ಬೇರೆ ಕಡೆಯೂ ಇದ್ದಾರೆ. ಯುಗಾದಿ ಊಟಕ್ಕೆ ಕನ್ನಡದ ಮನೆಗಳೆಲ್ಲ ಸೇರಿದ್ದಾಗ ಬ್ಯಾಂಕಿನ ಸಾಫ್ಟ್‌ವೇರ್ ಕೆಲಸದ ಕೇಶವಮೂರ್ತಿ ಒಬ್ಬಟ್ಟು ಮುರಿಯುತ್ತಾ ಕೇಳಿದರು: "ಏನ್ ಅನ್ವರ್, ಮಿಸೆಸ್ಸು ಮೆಕ್ಯಾನಿಕ್ ಆಗಿದಾರಂತೆ?"

"ಮೆಕ್ಯಾನಿಕ್ ಅಲ್ಲ ಸಾರ್, ಟೈಲರ್. ಕಾರಿಗೆ ಪ್ಯಾಂಟ್ ಹೊಲಿತಾಳೆ."

"ಅಲ್ಲಾರೀ, ನಿಮಗೇನ್ ಕಮ್ಮಿ ಅಂತ? ಸುಮ್ನೆ ಕ್ಯಾಮ್ರಿ ಓಡಿಸ್ಕೊಂಡು ಹಾಯಾಗಿರೋದ್ ಬಿಟ್ಟು. ಆ ಎರಡು ಬಾಗಿಲಿನ ಕಾರೆಲ್ಲ ಪುಂಡರು ಓಡಿಸೋದು."

ಜೈನಬ್ ಪಕ್ಕದಲ್ಲೇ ಕೋಸಂಬರಿ ಬಡಿಸುತ್ತಿದ್ದರು. "ಅಂಕಲ್, ನಿಮ್ಮ ಕ್ಯಾಮ್ರಿ ಪಾರ್ಕಿಂಗ್‌ನಲ್ಲಿ ಹೆಂಗ್ ಗುರ್ತು ಹಿಡಿತೀರಾ? ಹೊರಗಡೆ ಒಂಬತ್ತು ನಿಂತಿವೆ," ಎಂದರು.

*

ಪುಂಡರ ಕಾರು ಎಂಬುದು ಈಗಿನ ಬಿರುದು. ಮೊದಲು ಇದ್ದ ಬಿರುದು ಬೇರೆ. ಅರವತ್ನಾಲ್ಕರಲ್ಲಿ ಇದು ಬಂದಾಗ, ಉದ್ದ ಮೂತಿ, ಮೊಟಕು ಬಾಲ, ದುಡಿಯುವವರ ಕೈಗೆಟಕುವ ಬೆಲೆ ನೋಡಿ, ಮೂಗುಮುರಿಯುವ ಗಂಡಸರು ಇದನ್ನು "ಸೆಕ್ರೆಟರಿ ಕಾರು" ಎಂದು ಕರೆದರು. ಟೈಪು ಮಾಡುವ ಹುಡುಗಿಯರು ಕೊಳ್ಳುತ್ತಾರೆ ಎಂಬುದು ಆ ಕಾಲದಲ್ಲಿ ಬೈಗುಳ. ಆ ಹುಡುಗಿಯರು ಬೈಗುಳವನ್ನೇ ಓಡಿಸಿಕೊಂಡು ಆಫೀಸಿಗೆ ಹೋದರು. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ಬರ ಬಂದಾಗ ಕಾರು ಕುಗ್ಗಿ ಸೊರಗಿತು. ಎಂಬತ್ತರ ಕೊನೆಯಲ್ಲಿ ಕಂಪನಿ ಇದೇ ಹೆಸರನ್ನು ಜಪಾನಿನವರ ಜೊತೆ ಸೇರಿ ಮಾಡಿದ ಬೇರೆಯೇ ಒಂದು ಕಾರಿಗೆ ಅಂಟಿಸಲು ಹೊರಟಿತ್ತು. ಜನ ಸಿಟ್ಟಿನಿಂದ ಕಾಗದ ಬರೆದರು, ರಾಶಿ ರಾಶಿ ಬರೆದರು. ಕಂಪನಿ ಹಿಂದೆ ಸರಿದು ಆ ಕಾರಿಗೆ ಬೇರೆ ಹೆಸರಿಟ್ಟಿತು. ತೊಂಬತ್ನಾಲ್ಕರಲ್ಲಿ ಮಸ್ಟಾಂಗ್ ಹೊಸ ಮೈ ಹೊತ್ತು ಬಂದಾಗ ಮೂತಿಯ ಜಾಲರಿಯಲ್ಲಿ ಅದರ ಹಳೆಯ ಲಾಂಛನವಾದ ಓಡುವ ಕುದುರೆ ಮತ್ತೆ ಇತ್ತು. ಕೊಂಡವರು ಗಲಾಟೆ ಮಾಡಿ ಉಳಿಸಿಕೊಂಡ ಕಾರು ಇದು. ಈಗ ಯಾರೂ ಮುಟ್ಟದಂತೆ ಅದರ ಸುತ್ತ ಹಗ್ಗ ಕಟ್ಟಿ, ಬಟ್ಟೆ ಹೊದಿಸಿ, ಟ್ರೈಲರಿನ ಮೇಲೆ ಹೊತ್ತು ತಿರುಗುತ್ತಿದ್ದಾರೆ.

ಮಿಸ್ ಒಡೆಸ್ಸಾ ಇದನ್ನು ಕೊಂಡಾಗ ಅಟ್ಲಾಂಟಾದ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಕಪ್ಪು ಹೆಣ್ಣುಮಗಳು ಶೋರೂಮಿಗೆ ಕಾಲಿಟ್ಟರೆ, ಯಾವ ಅಮ್ಮಾವ್ರು ಕಳಿಸಿದ್ದು ಎಂದು ಕೇಳಿದರಂತೆ. "ನಾನೇ ನನ್ನ ಕಳಿಸಿದ್ದು ಅಂದೆ," ಎನ್ನುತ್ತಾರೆ ಅವರು. "ಎರಡು ಬಾಗಿಲಿನದೇ ಯಾಕೆ ಬೇಕಿತ್ತು ಗೊತ್ತಾ? ನನ್ನ ಜೀವಮಾನ ಪೂರ್ತಿ ಹಿಂದಿನ ಬಾಗಿಲಿಗೆ ಹೋಗು ಅಂತ ಕೇಳಿಸಿಕೊಂಡಿದ್ದೆ. ಇದಕ್ಕೆ ಹಿಂದಿನ ಬಾಗಿಲೇ ಇಲ್ಲ."

ಐದಡಿಗೂ ಕಡಿಮೆ ಎತ್ತರದ ಅವರು ಇಷ್ಟು ವರ್ಷ ಅಟ್ಲಾಂಟಾದ ದಪ್ಪ ಟೆಲಿಫೋನ್ ಡೈರೆಕ್ಟರಿಯ ಮೇಲೆ ಕೂತು ಓಡಿಸಿದ್ದಾರೆ. ಈ ಕಮ್ಮಿಂಗ್ ಇರುವ ಫೋರ್ಸೈತ್ ಕೌಂಟಿಯಿಂದ ಕಪ್ಪು ಜನರನ್ನು ಒಂದು ಕಾಲದಲ್ಲಿ ಒಕ್ಕಲೆಬ್ಬಿಸಿದ್ದರು. ಹತ್ತು ವರ್ಷದ ಹಿಂದೆ, ಎಂಬತ್ತೇಳರಲ್ಲಿ, ಸಮಾನ ಹಕ್ಕು ಕೇಳಿ ಇಲ್ಲಿ ಮೆರವಣಿಗೆಯಲ್ಲಿ ಬಂದವರ ಮೇಲೆ ಕಲ್ಲು ಬಿದ್ದಿತ್ತು. ಅಂಥ ಊರಿಗೆ ಆಕೆ ಒಬ್ಬರೇ, ಡೈರೆಕ್ಟರಿಯ ಮೇಲೆ ಕೂತು, ಸೀಟು ಹೊಲಿಸಲು ಬಂದರು. ಜೈನಬ್ ಮೊದಲು ಮಾಡಿದ್ದು ಆ ಡೈರೆಕ್ಟರಿ ಎತ್ತಿ ಪಕ್ಕಕ್ಕಿಟ್ಟಿದ್ದು.

*

ಮಧ್ಯಾಹ್ನ ಡೇಲ್ ಬರುತ್ತಾನೆ. ಸೀಟು ಕಾರಿನಲ್ಲಿ ಕೂತಾಗಿದೆ. ಅಂಗೈಯಿಂದ ಒತ್ತಿ ನೋಡುತ್ತಾನೆ. ಕೈ ಒಳಹೋಗುವುದಿಲ್ಲ.

"ಜೀ, ತೆಗೆದಿಲ್ಲ ನೀನು."

"ಇಲ್ಲ."

"ಹೋದ ಸಲ ಏನಾಯ್ತು ಮರೆತೆಯಾ? ತೀರ್ಪುಗಾರ ಅಂಗಾತ ಮಲಗಿ ಟಾರ್ಚು ಬಿಟ್ಟ. ನಿನ್ನ ನಾರು ಉದುರಿ ಅವನ ಮೀಸೆ ಮೇಲೆ ಬಿತ್ತು. ಮೊದಲ ಬಹುಮಾನ ಅಲ್ಲಿಗೆ ಹೋಯ್ತು."

"ಮೀಸೆ ಹೋಗ್ಲಿಲ್ಲವಲ್ಲ."

ಡೇಲ್ ನಗುವುದಿಲ್ಲ. ಕೆಟ್ಟ ಮನುಷ್ಯನಲ್ಲ ಅವನು. ಬೇರೆ ಯಾರೂ ಕೆಲಸ ಕೊಡದಿದ್ದಾಗ ಕತ್ತರಿ ಕೊಟ್ಟವನು. ಆದರೆ ಕಾರ್ಖಾನೆ ಮಾಡಿದ್ದೇ ಸತ್ಯ, ಕೂರುವವರು ಸುಳ್ಳು ಎಂಬ ಶಾಸ್ತ್ರಕ್ಕೆ ಅವನೂ ಭಕ್ತ. ಇಕ್ಕಳ ಎತ್ತಿಕೊಂಡು ಸೀಟಿನ ಕಡೆ ಬಗ್ಗುತ್ತಾನೆ. ಜೈನಬ್ ಅಡ್ಡ ನಿಲ್ಲುವುದಿಲ್ಲ. ಬಾಗಿಲ ಕಡೆ ಕೈ ತೋರಿಸುತ್ತಾರೆ. ಮಿಸ್ ಒಡೆಸ್ಸಾ ಚರ್ಚಿನ ಟೋಪಿ ಹಾಕಿಕೊಂಡು ಕಾರು ನೋಡಲು ಬಂದು ನಿಂತಿದ್ದಾರೆ.

"ಕಾರು ಅವರ್ದು. ಅವರನ್ನ ಕೇಳು," ಎನ್ನುತ್ತಾರೆ ಜೈನಬ್.

ಮಿಸ್ ಒಡೆಸ್ಸಾ ಕೇಳಿಸಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ನೇರ ಹೋಗಿ ಕೂರುತ್ತಾರೆ, ಬಾಗಿಲು ಎಳೆದುಕೊಳ್ಳುತ್ತಾರೆ, ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾರೆ. ಟೋಪಿಯ ಅಂಚನ್ನು ಮೇಲೆ ಸರಿಸಿ ಮತ್ತೆ ನೋಡುತ್ತಾರೆ.

"ಬೇಬಿ," ಎನ್ನುತ್ತಾರೆ ಕೊನೆಗೆ, "ಈ ಬಾನೆಟ್ಟಿಗೆ ತುದಿ ಇದೆ ಅಂತ ನನಗೆ ಗೊತ್ತಾಗಿದ್ದು ನಿನ್ನಿಂದ."

ಡೇಲ್ ಸ್ಪರ್ಧೆ, ಅಂಕ, ಬಹುಮಾನ ಎಲ್ಲ ವಿವರಿಸುತ್ತಾನೆ. ಅವರು ಕಿಟಕಿಯ ಗಾಜು ಇಳಿಸುತ್ತಾರೆ. "ಸ್ಪರ್ಧೆಯಿಂದ ನನ್ನ ಹೆಸರು ತೆಗೆದುಬಿಡು. ಶನಿವಾರ ನಾನು ಬರ್ತೀನಿ, ಓಡಿಸಿಕೊಂಡು."

ಅಲ್ಲಿಗೆ ಮುಗಿಯಬಹುದಿತ್ತು. ಡೇಲ್ ಮೆತ್ತಗಾಗಿಯೇ ಹೇಳುತ್ತಾನೆ: "ಸರಿ ಜೀ, ಇದೊಂದು ಹೋಗಲಿ. ಮುಂದಿನ ಕಾರಿನಿಂದ ಫೋಮ್ ಮಾತ್ರ."

"ಕುಳ್ಳಗಿರೋರು ಬಂದ್ರೆ?"

"ಫೋಮ್ ಮಾತ್ರ."

ಜೈನಬ್ ದುಪಟ್ಟಾದ ಗಂಟು ಬಿಚ್ಚುತ್ತಾರೆ. ಕತ್ತರಿಯನ್ನು ಒರೆಸಿ ಚೀಲಕ್ಕೆ ಹಾಕುತ್ತಾರೆ. ಉಳಿದ ನಾರಿನ ಹಾಸನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಡುತ್ತಾರೆ. "ಹಂಗಾದ್ರೆ ಇಲ್ಲಿ ನಾನೂ ಇದೊಂದು ಸೀಟಿಗೇ," ಎಂದು ಹೊರಡುತ್ತಾರೆ. ಮಿಸ್ ಒಡೆಸ್ಸಾ ಪಕ್ಕದ ಬಾಗಿಲು ತೆರೆದು ಕಾಯುತ್ತಾರೆ. ನಡೆದು ಬಂದ ಹೆಂಗಸು ಮನೆಗೆ ಮಸ್ಟಾಂಗಿನಲ್ಲಿ ಹೋಗುತ್ತಾರೆ.

*

ಶನಿವಾರ ಸ್ಪರ್ಧೆಯ ಹಗ್ಗದೊಳಗಿನ ಕಾರುಗಳೆಲ್ಲ ಟ್ರೈಲರಿನಿಂದ ಇಳಿದವು. ತಿಳಿನೀಲಿ ಕಾರು ಮಾತ್ರ ರಸ್ತೆಯಿಂದ ಬಂತು, ಮೈಮೇಲೆಲ್ಲ ಪೈನ್ ಮರದ ಹಳದಿ ಪರಾಗ ಮೆತ್ತಿಕೊಂಡು. ಹಗ್ಗದ ಹೊರಗೆ, ಬಂದವರ ಕಾರುಗಳ ನಡುವೆ ನಿಂತಿತು. ಮಿಸ್ ಒಡೆಸ್ಸಾ ಬಾಗಿಲು ತೆರೆದಿಟ್ಟು, ಕೂರಬೇಕು ಎಂದವರನ್ನೆಲ್ಲ ಕೂರಿಸಿದರು. ಹಗ್ಗದೊಳಗಿನ ಕಾರುಗಳಲ್ಲಿ ಕೂರುವ ಹಾಗಿರಲಿಲ್ಲ. ದೂರದ ಷಾರ್ಲೆಟ್ ನಗರದಿಂದ ಕೆಂಪು ಮಸ್ಟಾಂಗ್ ಓಡಿಸಿಕೊಂಡು ಬಂದ ಒಬ್ಬ ನರ್ಸ್, ಎತ್ತರ ಮಿಸ್ ಒಡೆಸ್ಸಾರಷ್ಟೇ, ಕೂತು, ಇಳಿದು, ಮತ್ತೆ ಕೂತು, ಇದನ್ನು ಮಾಡಿದ್ದು ಯಾರು ಎಂದು ಕೇಳಿದರು.

ಮಂಗಳವಾರ ಬೆಳಗಾಗುತ್ತಿದೆ. ಜೈನಬ್ ಮನೆಯ ಗ್ಯಾರೇಜಿನ ಬಾಗಿಲು ಮೇಲೆ ಸರಿದಿದೆ. ಒಳಗೆ ಕೆಂಪು ಕಾರು. ಅನ್ವರ್ ಪಾಷಾ ಅವರ ಕ್ಯಾಮ್ರಿ ಹೊರಗೆ, ಗುರುತು ಸಿಗದಷ್ಟು ಹಳದಿ. ಅವರು ಕಚೇರಿಗೆ ಹೊರಟವರು ಗಾಜಿನ ಮೇಲೆ ಬೆರಳಾಡಿಸಿ ನೋಡಿ, "ಅರಿಶಿನ ಶಾಸ್ತ್ರ ಆಗಿದೆ ನನ್ನ ಕಾರಿಗೆ," ಎಂದು ಗೊಣಗುತ್ತಾರೆ.

"ದಿನಾ ತೊಳ್ಕೊಳ್ರೀ, ಏನೀಗ," ಎಂಬ ಉತ್ತರ ಒಳಗಿನಿಂದ ಬರುತ್ತದೆ.

ಅವರು ಒಂದು ಬಕೆಟ್ ನೀರು ಹಿಡಿದು ಬಂದು ಮೊದಲು ಕೆಂಪು ಕಾರಿನ ಗಾಜು ಒರೆಸುತ್ತಾರೆ, ಆಮೇಲೆ ತಮ್ಮದನ್ನು.

ನರ್ಸ್ ಬರಿಯ ಚೌಕಟ್ಟಿನ ಮೇಲೆ ಸ್ಟೀರಿಂಗ್ ಹಿಡಿದು ಕೂತಿದ್ದಾರೆ. ಜೈನಬ್ ಕೆಳಗಿನಿಂದ ಒಂದು ಹಾಸು ತುರುಕುತ್ತಾರೆ. ಕಾಣ್ತಾ? ಇಲ್ಲ. ಇನ್ನೊಂದು. ಕಾಣ್ತಾ? ನರ್ಸ್ ಕತ್ತು ಚಾಚುವುದನ್ನು ನಿಲ್ಲಿಸುತ್ತಾರೆ, ಭುಜ ಇಳಿಯುತ್ತದೆ.

ಗ್ಯಾರೇಜಿಗೊಂದು ಬೋರ್ಡು ಬೇಡವೇ ಎಂದರೆ ಜೈನಬ್ ತಲೆ ಅಲ್ಲಾಡಿಸುತ್ತಾರೆ. ಬಾಯ್ತುಂಬ ಬಳೆ. ಒಂದೊಂದಾಗಿ ತೆಗೆದು, ಹಿಂಡಿ, ಬಾಯಿ ಖಾಲಿಯಾದ ಮೇಲೆ ಹೇಳುತ್ತಾರೆ:

"ಬೋರ್ಡ್ ಯಾಕೆ? ಯಾವ ಜಡ್ಜ್ ಬೇಕಾದ್ರೂ ಬಂದು ಕೆಳಗೆ ಮಲಗಿ ನೋಡ್ಲಿ. ಮೀಸೆ ಮೇಲೆ ನಾರು ಬಿದ್ರೆ, ಮಂಡಿ ಮೊಹಲ್ಲಾದ ಕೆಲ್ಸ ಅಂತ ಹೇಳಿ."