ಎಂಗಳ್ ಎಂಬ ಒಂದು ಮಾತು

ಮುನಿಯಮ್ಮಾಳ್ ಕ್ರೈಸ್ತ ಸಭೆಯ ಕರ್ತನ ಭೋಜನಕ್ಕೆ ಸೇರಿದ್ದು 1895ನೆಯ ಇಸವಿ ಅಕ್ಟೋಬರ್ ಆರನೆಯ ತಾರೀಖು, ಭಾನುವಾರ. ಪೆರಿಯಾರ್ ಅಣೆಯ ನೀರು ಕಂಬಂ ಕಣಿವೆಗೆ ಇಳಿದ ಮೇಲೆ ಸೇರಿದಳೆಂದು ಅವಳ ಬಂಧುಗಳಲ್ಲೇ ಕೆಲವರು ಹೇಳುವುದುಂಟು. ಅದು ಸರಿಯಲ್ಲ. ನೀರು ಬಿಟ್ಟದ್ದು ಹತ್ತನೆಯ ತಾರೀಖು, ಗುರುವಾರ. ನಾಲ್ಕು ದಿನದ ಅಂತರ ಅಲ್ಪವೇ ಇರಬಹುದು; ಆದರೆ ಆ ಭಾನುವಾರದ ಹಿಂದಿನ ದಿನ ನಡೆದದ್ದು ಅಲ್ಪವಲ್ಲ.

ಅವಳದು ಎಷ್ಟೋ ತಲೆಮಾರುಗಳ ಹಿಂದೆ ಕಂಬಂ ಸೀಮೆಗೆ ಬಂದು ನೆಲೆಸಿದ ಕನ್ನಡದ ಒಕ್ಕಲು ಮನೆತನ. ಹೊಸಿಲ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಗಂಡ ರಂಗಸಾಮಿ ಅವಳ ಸೋದರಮಾವನ ಮಗನೇ ಆದ್ದರಿಂದ ಮದುವೆಗೆ ಮುಂಚೆಯೂ ಆಮೇಲೆಯೂ ಅವಳು ಅವನನ್ನು ಕರೆದದ್ದು 'ಮಾವ' ಎಂದೇ. ಮಕ್ಕಳಿರಲಿಲ್ಲ. 1893ನೆಯ ಇಸವಿ ಜೂನ್ ಹತ್ತೊಂಬತ್ತು, ಸೋಮವಾರ, ಕಣ್ಣಿನ ಬೇನೆ ತಡೆಯಲಾರದೆ ಗಂಡನೊಡನೆ ದಿಂಡಿಗಲ್ಲಿನ ಒಂದು ಮಿಷನ್ ಆಸ್ಪತ್ರೆ ಸೇರಿದಳು. ಹನ್ನೊಂದು ವಾರ ಕಣ್ಣಿಗೆ ಬಟ್ಟೆ ಕಟ್ಟಿದ್ದರು. ರಂಗಸಾಮಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ರಾಗಿ ಹಿಟ್ಟು ತೊಳಸಿ ತಂದು ತಿನ್ನಿಸುತ್ತಿದ್ದ.

ಸಂಜೆಯಾದರೆ ಆ ಕೋಣೆಯ ಹೆಂಗಸರೆಲ್ಲ ಒಂದೇ ಪ್ರಾರ್ಥನೆಯನ್ನು ಒಂದೇ ದನಿಯಲ್ಲಿ ಹೇಳುವುದು ಅವಳಿಗೆ ಕೇಳಿಸುತ್ತಿತ್ತು. ಕಣ್ಣು ಕಟ್ಟಿದ್ದವಳಿಗೆ ಯಾರು ಯಾವ ಕುಲ, ಯಾರ ಸೀರೆ ಎಂಥದು ಎಂದು ಕಾಣುವಂತಿರಲಿಲ್ಲ. ದನಿಗಳು ಮಾತ್ರ ಇದ್ದವು. ಒಂದು ದಿನ ತನ್ನ ದನಿಯೂ ಅವುಗಳ ನಡುವೆ ಇರುವುದನ್ನು ಅವಳೇ ಕೇಳಿ ಬೆಚ್ಚಿದಳು. ಅವಳು ಮತ ಬದಲಿಸಿದ್ದು ವಾದ ಕೇಳಿಯಲ್ಲ, ದನಿ ಕೂಡಿಸಿ. ದೀಕ್ಷಾಸ್ನಾನವಾದದ್ದು 1895ರ ಏಪ್ರಿಲ್ ಹದಿನಾಲ್ಕು, ಪುನರುತ್ಥಾನದ ಹಬ್ಬದ ಭಾನುವಾರ.

ಮರುದಿನ ಬೆಳಿಗ್ಗೆ ನೀರು ಮೊಗೆಯಲು ಹೋದವಳ ಕೈಗೆ ವಾರಗಿತ್ತಿ ಪಾಂಡಿಯಮ್ಮಾಳ್ ಅಡ್ಡ ಬಂದಳು. "ಇದು ಎಂಗ ಕುಡಂ" ಎಂದಳು, ತಮಿಳಿನಲ್ಲಿ. ಇಪ್ಪತ್ತು ವರ್ಷ ಒಂದೇ ಒಲೆಯ ಮುಂದೆ ಕನ್ನಡವಾಡಿದ ಹೆಂಗಸು ಆ ಒಂದು ಮಾತಿಗೆ ತಮಿಳಿಗೆ ಹೋದದ್ದೇಕೆ? ಕನ್ನಡದಲ್ಲಿ 'ನಮ್ಮ ಕೊಡ' ಎಂದರೆ ಕೇಳುವವಳೂ ಅದರೊಳಗೆ ಸೇರಿಬಿಡಬಹುದು. ತಮಿಳಿನಲ್ಲಿ ಹಾಗಿಲ್ಲ. ಎದುರಿಗಿರುವವರನ್ನು ಸೇರಿಸಿಕೊಂಡರೆ 'ನಮ್ಮ', ಹೊರಗಿಟ್ಟರೆ 'ಎಂಗಳ್', ಆಡುಮಾತಿನಲ್ಲಿ 'ಎಂಗ'. ವಾರಗಿತ್ತಿಯನ್ನು ಹೊರಗಿಡಲು ಮನೆಮಾತಿನಲ್ಲಿ ಮಾತೇ ಇರಲಿಲ್ಲ, ಬೀದಿಯಿಂದ ತರಬೇಕಾಯಿತು. ಆ ದಿನದಿಂದ ಮುನಿಯಮ್ಮಾಳ್‌ಗೆ ಬೇರೆ ಕೊಡ. ರಂಗಸಾಮಿ ಯಾರಿಗೂ ಏನೂ ಹೇಳದೆ ತಾನೂ ಆ ಬೇರೆ ಕೊಡದ ನೀರನ್ನೇ ಕುಡಿಯತೊಡಗಿದ.

ಸಭೆಯವರೆಲ್ಲ ಒಂದೇ ರೊಟ್ಟಿ ಮುರಿದು ಒಂದೇ ಬಟ್ಟಲಿಗೆ ತುಟಿಯಿಡುವ ಕರ್ತನ ಭೋಜನ ಅವಳಿಗೆ ಏಕೆ ಅಷ್ಟು ಬೇಕಾಯಿತೆಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದಕ್ಕೆ ಪರೀಕ್ಷೆಯಿತ್ತು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ತಮಿಳಿನಲ್ಲಿ ಅಕ್ಷರ ತಪ್ಪದೆ ಒಪ್ಪಿಸಬೇಕು. ತಪ್ಪಿದರೆ ಪಾದ್ರಿ ಮತ್ತೆ ಬರುವವರೆಗೆ, ಎಂದರೆ ಆರು ತಿಂಗಳು, ಕಾಯಬೇಕು.

ಅವಳು ತಪ್ಪುತ್ತಿದ್ದದ್ದು ಒಂದೇ ಕಡೆ. 'ಎಂಗಳ್ ಪಿತಾವೇ' ಎನ್ನಬೇಕಾದಲ್ಲಿ ಅವಳ ಬಾಯಿಗೆ ಬರುತ್ತಿದ್ದದ್ದು 'ನಮ್ಮ ಪಿತಾವೇ'. ಮನೆಯಲ್ಲಿ ಅವಳು ಒಪ್ಪಿಸುವಾಗ ಎದುರಿಗೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ರಂಗಸಾಮಿ ನಗುತ್ತಿದ್ದ.

"ಲೇ ಮುನೀ, ಕೇಳಿ ಕೇಳಿ ನಂಗೇ ನೆಟ್ಟಗೆ ಬಂದುಬುಡ್ತು. ನನ್ನೇ ಕಳ್ಸು ಪರೀಕ್ಷೆಗೆ."

"ಹೋಗಿ ಬನ್ನಿ ಮಾವ. ರೊಟ್ಟಿ ಕೊಟ್ರೆ ನಂಗೂ ಒಂದ್ ಚೂರು ತನ್ನಿ."

ಅಕ್ಟೋಬರ್ ಐದು, ಶನಿವಾರ, ಮಧ್ಯಾಹ್ನ ಮೂರು ಗಂಟೆ. ದಿಂಡಿಗಲ್ಲಿನಿಂದ ಎತ್ತಿನ ಗಾಡಿಯಲ್ಲಿ ಮಾಸಿಲಾಮಣಿ ಅಯ್ಯರ್ ಬಂದಿದ್ದರು. ಆ ಸೀಮೆಯಲ್ಲಿ ಪಾದ್ರಿಗಳನ್ನೂ ಅಯ್ಯರ್ ಎನ್ನುವುದು ವಾಡಿಕೆ. ಪ್ರಾರ್ಥನೆಯ ಮನೆಗೆ ಕಿಟಕಿಯಿರಲಿಲ್ಲ. ಬೆಳಕಿಗಾಗಿ ಅವರು ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದರು. ಪಕ್ಕದಲ್ಲಿ ಊರಿನ ಸಭೆಯವರಿಗೆ ಪ್ರಾರ್ಥನೆ ಕಲಿಸುವ ಉಪದೇಶಿ ಜ್ಞಾನಮುತ್ತು. ಮುನಿಯಮ್ಮಾಳ್ ಅವರ ಎದುರಿಗೆ ನಿಂತಳು. ಅಯ್ಯರ ಬೆನ್ನ ಹಿಂದೆ, ಬಾಗಿಲಾಚೆ, ಮೊಣಕಾಲಿಗೆ ಟವಲು ಬಿಗಿದುಕೊಂಡು ರಂಗಸಾಮಿ ಕುಳಿತಿದ್ದ, ಅವಳಿಗೆ ಮುಖಮಾಡಿ.

ಅವಳು ಬಾಯಿ ತೆರೆದಳು, ಬಂದದ್ದು 'ನಮ್ಮ'ವೇ.

"ನೋಡಿದಿರಾ ಅಯ್ಯರವರೇ!" ಎಂದ ಉಪದೇಶಿ. "ಮೂರು ತಿಂಗಳಿಂದ ಹೇಳ್ತಿದ್ದೀನಿ. ಕನ್ನಡದವರ ನಾಲಿಗೆ, ತಿದ್ದಿದಷ್ಟೂ ಸೊಟ್ಟ. ದೇವರ ಮುಂದೆ ನಿಂತು 'ನಮ್ಮ ಅಪ್ಪ' ಅಂದ್ರೆ ದೇವರಿಗೂ ಒಬ್ಬ ಅಪ್ಪ ಇದಾನೆ ಅಂತಾಗ್ತದಲ್ಲ ತಾಯೀ!"

"ಇದ್ರೆ ಇರ್ಲಿ ಬುಡಿ ಉಪದೇಶಿಯಾರೇ," ಎಂದ ಬಾಗಿಲಿನಿಂದ ರಂಗಸಾಮಿ. "ಅಪ್ಪ ಇಲ್ದೆ ಹುಟ್ಟಿದೋರು ಯಾರವ್ರೆ?"

ಅಯ್ಯರ್ ನಗು ತಡೆದುಕೊಂಡರು. "ಅಮ್ಮಾ, ಆ ಮಾತು ನಿನಗೆ ಬರೋದಿಲ್ವೋ, ಬೇಡವೋ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಬರ್ತದೆ ಅಯ್ಯಾ. ಹೇಳೋಕಾಗಾಕಿಲ್ಲ. ಎಂಗ ಕುಡಂ ಅಂತ ನಂಗೂ ಅಂದವ್ರೆ. ಆ ಮಾತು ಆಡಿದ್ರೆ ಎದ್ರಿಗಿರೋರು ಹೊರಗೆ. ನನ್ ಎದ್ರಿಗೆ ನಮ್ ಮಾವ ಕುಂತವ್ರೆ. ಕಣ್ಣಿಲ್ದಾಗ ಉಣ್ಣಿಸ್ದೋರನ್ನ ಹೊರಗೆ ಹಾಕಿ, ನಾ ಹೆಂಗೆ ಒಳಗೆ ಬರ್ಲಿ?"

ಅಯ್ಯರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ಪ್ರಾರ್ಥನೆ ಮಾಡುವಾಗ ನೀನು ಯಾರ ಸಂಗಡ ಮಾತಾಡ್ತೀಯಮ್ಮಾ?"

"ಸಾಮಿ ಸಂಗಡ."

"ಹಾಗಾದ್ರೆ ಎದುರಿಗಿರೋದು ಯಾರು?"

"...ಸಾಮಿ."

"ಆ ಮಾತು ಹೊರಗಿಡೋದು ಯಾರನ್ನ?"

ಅವಳು ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. "ಸಾಮಿ ಒಬ್ರನ್ನೇ. ಅವ್ರು ಅಪ್ಪ, ನಾವು ಮಕ್ಳು."

"ಮಿಕ್ಕವರೆಲ್ಲ?"

"ಮಿಕ್ಕೋರೆಲ್ಲ..." ಅವಳ ದನಿ ಇಳಿಯಿತು. "ಮಿಕ್ಕೋರೆಲ್ಲ ಈ ಪಕ್ಕ. ಪಾಂಡಿಯಕ್ಕನೂ."

ಬಳಿಕ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. "ಮಾವ, ನೀವು ಅಲ್ಲಿ ಕುಂತ್ರೆ ಆಗಾಕಿಲ್ಲ. ಎದ್ದು ಈ ಪಕ್ಕ ಬನ್ನಿ."

"ನಾ ನಿಮ್ ವೇದಕ್ಕೆ ಸೇರೋನಲ್ಲ ಕಣೇ."

"ಸೇರಬ್ಯಾಡಿ. ಯಾರು ಕೇಳಿದ್ರು? ಈ ಪಕ್ಕ ನಿಂತ್ಕಳಿ ಅಂದೆ, ಅಷ್ಟೆ."

ದೀಕ್ಷಾಸ್ನಾನವಾಗದವನು ಪರೀಕ್ಷೆಯ ನಡುವೆ ನಿಲ್ಲಬಹುದೇ ಎಂದು ಉಪದೇಶಿ ಕೇಳಿದ. ನಿಲ್ಲಬಾರದೆಂಬ ನಿಯಮ ಎಲ್ಲಾದರೂ ಬರೆದಿದ್ದರೆ ತೋರಿಸಬಹುದೆಂದು ಅಯ್ಯರ್ ಹೇಳಿದರು. ರಂಗಸಾಮಿ ಕೆರ ಕಳಚಿಟ್ಟು, ಟವಲನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದು, ಹೆಂಡತಿಯ ಎಡಗಡೆ ನಿಂತ. ಅವಳು ಕಣ್ಣು ಮುಚ್ಚಿದಳು, ಅವನು ಮುಚ್ಚಲಿಲ್ಲ.

ಅವಳು ಮೊದಲಿನಿಂದ ಹೇಳತೊಡಗಿದಳು. 'ಎಂಗಳ್' ಎಂದಳು, ಸ್ಪಷ್ಟವಾಗಿ. ಅಲ್ಲಿಗೆ ನಿಂತಳು.

"ಪಿತಾವೇ," ಎಂದು ರಂಗಸಾಮಿ ಮೆಲ್ಲಗೆ ಉಸುರಿದ.

"ಪಿತಾವೇ," ಎಂದಳು ಅವಳು. ಆಮೇಲೆ ಕೊನೆಯವರೆಗೆ ಎಲ್ಲಿಯೂ ನಿಲ್ಲಲಿಲ್ಲ.

ಆ ಶನಿವಾರದ ತಾರೀಖಿನ ಕೆಳಗೆ ಅಯ್ಯರ್ ಸಭೆಯ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಮುನಿಯಮ್ಮಾಳ್, ರಂಗಸಾಮಿಯ ಹೆಂಡತಿ, ಪ್ರಾರ್ಥನೆಯನ್ನು ತಪ್ಪಿಲ್ಲದೆ ಒಪ್ಪಿಸಿದಳು. ಒಂದು ಮಾತನ್ನು ಪಕ್ಕದವರು ಎತ್ತಿಕೊಟ್ಟರೆಂದು ಅವರು ನಮೂದಿಸಲಿಲ್ಲ. ಉಪದೇಶಿಯೂ ಜ್ಞಾಪಿಸಲಿಲ್ಲ.